ನಾನು ನೋಡಿದಾಗ ನಿಂತ ಕರೆಂಟು

ದೃಷ್ಟಿ ತಾಗುತ್ತದೆ ಎಂಬ ಮಾತನ್ನು ನಾನು ಯಾವತ್ತೂ ನಂಬಿದವಳಲ್ಲ. ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಕರೆಂಟು ನಿಂತರೆ ಎಲ್ಲೋ ತಂತಿ ಸಡಿಲವಾಗಿರಬೇಕು, ಇಲ್ಲವೇ ಲೋಡ್ ಜಾಸ್ತಿಯಾಗಿರಬೇಕು. ಯಾರದೋ ಕಣ್ಣು ಬಿದ್ದು ನಿಂತಿತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನಾನು ಹೇಳುವುದನ್ನು ಕೇಳಿ ನೀವೂ ನಗಬಹುದು, ಬೇಸರವಿಲ್ಲ. ಇದನ್ನು ಇಷ್ಟು ದಿನ ಹೇಳದೆ ಉಳಿದದ್ದಕ್ಕೆ ಕಾರಣ ನಗುವಿನ ಭಯವಲ್ಲ. ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿದ್ದ ಕೊಳಕನ್ನೂ ಹೇಳಬೇಕಾಗುತ್ತದೆ, ಅದಕ್ಕೆ.

ವಿಜಯನಗರದ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಎಲೆಕ್ಟ್ರಿಕ್ ಆಟೋ, ಕಾರುಗಳಿಗೆ ಚಾರ್ಜ್ ಮಾಡುವ ಜಾಗಗಳನ್ನು ನಾವು ನೋಡಿಕೊಳ್ಳುತ್ತೇವೆ. ಒಂದೊಂದು ಜಾಗದಲ್ಲೂ ಲೈನಿನಿಂದ ಎಷ್ಟು ಯೂನಿಟ್ ಬಂತು, ಗಾಡಿಗಳಿಗೆ ಎಷ್ಟು ಹೋಯಿತು, ನಡುವೆ ಎಷ್ಟು ಸೋರಿತು, ಯೂನಿಟ್ಟಿಗೆ ಖರ್ಚೆಷ್ಟು ಬಿತ್ತು ಎಂದು ಕಂಪ್ಯೂಟರಿನ ಮುಂದೆ ಕೂತು ನೋಡುವವಳು ನಾನು. ಪ್ರತಿ ಜಾಗಕ್ಕೂ ಒಂದು ಪುಟ. ಅದನ್ನು ತೆರೆದರೆ, ಆ ಗಳಿಗೆಯಲ್ಲಿ ಅಲ್ಲಿ ಹರಿಯುತ್ತಿರುವ ಕರೆಂಟು ಏರುತ್ತ ಇಳಿಯುತ್ತ ಒಂದು ಗೆರೆಯಾಗಿ ಕಾಣುತ್ತದೆ.

ನನ್ನ ಗಂಡನ ಮನೆಯವರು ಶ್ರೀಗಂಧದ ಕಾವಲಿನ ಹಳೇ ಒಕ್ಕಲು. ಹೊಲಗಳೆಲ್ಲ ಲೇಔಟ್ ಆದ ಮೇಲೆ ಅವರಿಗೆ ಉಳಿದದ್ದು ರಸ್ತೆ ಬದಿಯ ಎರಡು ಸೈಟು. ಒಂದು ನನ್ನ ಗಂಡನಿಗೆ ಬಂತು, ಒಂದು ಮೈದುನನಿಗೆ. ನಾವು ನಮ್ಮದನ್ನು ಮಾರಿ ಬಸವೇಶ್ವರನಗರದಲ್ಲಿ ಮನೆ ಕೊಂಡೆವು. ಮಾರೋಣ ಎಂದು ಹಟ ಹಿಡಿದವಳು ನಾನೇ. ಈ ಕೆಲಸಕ್ಕೆ ಸೇರಿದ ಮೇಲೆ, ಆ ರಸ್ತೆಯಲ್ಲಿ ಚಾರ್ಜಿಂಗ್ ಜಾಗ ಮಾಡಿದರೆ ಚೆನ್ನಾಗಿ ನಡೆಯುತ್ತದೆ ಎಂದು ಹೊಳೆದದ್ದೂ ನನಗೇ. ಅಷ್ಟರಲ್ಲಿ ನಮ್ಮ ಸೈಟು ಬೇರೆಯವರದಾಗಿತ್ತು. ಹಾಗಾಗಿ ವಾರಗಿತ್ತಿ ರುಕ್ಮಿಣಿಗೆ ಹೇಳಿದೆ. ಅವಳು ಪಿಯುಸಿ ಕೂಡ ಮುಗಿಸಿದವಳಲ್ಲ. "ಅಕ್ಕ, ನೀವು ಹೇಳಿದ್ರೆ ಸರಿ ಬಿಡಿ" ಎಂದು ಒಪ್ಪಿಕೊಂಡಳು. ನಮ್ಮ ಕಂಪನಿಯೇ ಅವಳ ಸೈಟಿನಲ್ಲಿ, ಮನೆಯ ಮುಂದೆಯೇ, ಆರು ಚಾರ್ಜರ್ ನಿಲ್ಲಿಸಿತು.

ಅವಳು ಅದನ್ನು ನಡೆಸಿದ ರೀತಿ ನಾನು ಊಹಿಸಿದ್ದಲ್ಲ. ಹೊಂಗೆ ಮರದ ಕೆಳಗೆ ಎರಡು ಬೆಂಚು ಹಾಕಿಸಿದಳು, ಕುಡಿಯಲು ನೀರಿಟ್ಟಳು. ಆಟೋದವರ ಮಕ್ಕಳ ಹೆಸರು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಕೆಲವೇ ತಿಂಗಳಿಗೆ ನಮ್ಮ ಎಲ್ಲ ಜಾಗಗಳ ಪೈಕಿ ಅವಳದ್ದೇ ಮುಂದೆ. ಮೀಟಿಂಗಿನಲ್ಲಿ ಕಂಪನಿಯ ಯಜಮಾನರು, "ನಡೆಸಿದ್ರೆ ರುಕ್ಮಿಣಿಯವರ ಥರ ನಡೆಸಬೇಕು" ಎನ್ನುತ್ತಿದ್ದರು. ಅವರು ಹಾಗೆನ್ನುವಾಗ ಕೈಯಲ್ಲಿ ಹಿಡಿದಿರುತ್ತಿದ್ದ ಹಾಳೆ ನಾನು ತಯಾರಿಸಿದ್ದು. ನೆಂಟರ ಮದುವೆಗಳಲ್ಲಿ ಹೆಂಗಸರೆಲ್ಲ ಅವಳ ಸುತ್ತ ಸೇರುತ್ತಿದ್ದರು. ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಅವರಲ್ಲಿ ಇರುತ್ತಿದ್ದ ನಮ್ಮ ಅತ್ತೆ, ಬಟ್ಟೆಬರೆ ತೆಗೆದುಕೊಂಡು ಪೂರ್ತಿ ಅಲ್ಲಿಗೇ ಹೋಗಿಬಿಟ್ಟರು.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರಿಟ್ಟು ಹೇಳಿದರೆ ಸುಳ್ಳಾಗುತ್ತದೆ. ಕೆಲಸವಿಲ್ಲದಿದ್ದರೂ ದಿನಕ್ಕೆ ಹತ್ತು ಸಲ ಅವಳ ಪುಟ ತೆರೆದು ನೋಡುತ್ತಿದ್ದೆ. ಗೆರೆ ಮೇಲಿದ್ದರೆ ಎದೆಯಲ್ಲಿ ಚುಳ್ ಎನ್ನುತ್ತಿತ್ತು. ಒಂದು ದಿನ ಚಂದ್ರಾ ಲೇಔಟಿನ ಜಾಗ ಅವಳದ್ದಕ್ಕಿಂತ ನಾಲ್ಕು ಯೂನಿಟ್ ಜಾಸ್ತಿ ಮಾಡಿತು. ಅವತ್ತು ಸಂಜೆ ಮೊಳ ಮಲ್ಲಿಗೆ ಕೊಂಡು ಮುಡಿದು ಮನೆಗೆ ಹೋದೆ. "ಏನು ವಿಶೇಷ?" ಎಂದು ಗಂಡ ಕೇಳಿದರು. ಅಗ್ಗಕ್ಕೆ ಸಿಕ್ಕಿತು ಎಂದುಬಿಟ್ಟೆ.

ಮೊದಲ ಸಲ ಅದು ನಡೆದದ್ದು ಒಂದು ಗುರುವಾರ ಮಧ್ಯಾಹ್ನ. ಊಟ ಮುಗಿಸಿ ಬಂದು ಅವಳ ಪುಟ ತೆರೆದೆ. ಆರಕ್ಕೆ ಆರೂ ಚಾರ್ಜರುಗಳಲ್ಲಿ ಗಾಡಿ. 'ಎಲ್ಲಾ ಇವಳಿಗೇ ಬರಬೇಕಾ' ಅಂದುಕೊಂಡೆ. ಅಂದುಕೊಳ್ಳುತ್ತಿದ್ದಂತೆ ಗೆರೆ ನೆಟ್ಟಗೆ ಸೊನ್ನೆಗೆ ಬಿತ್ತು. ಒಂದು ನಿಮಿಷಕ್ಕೆ ಫೋನ್ ಬಂತು. "ಅಕ್ಕ, ಎಲ್ಲಾ ನಿಂತೋಯ್ತು. ಮನೇಲಿ ಕರೆಂಟ್ ಐತೆ, ಇಲ್ಲಿ ಮಾತ್ರ ಇಲ್ಲ!" ಹೇಗೆ ಮತ್ತೆ ಶುರು ಮಾಡಬೇಕೆಂದು ಹೇಳಿಕೊಟ್ಟೆ, ಸರಿಹೋಯಿತು. ನನಗೆ ಒಳಗೊಳಗೇ ಖುಷಿಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಅದು ಮತ್ತೆ ಮತ್ತೆ ಆಗತೊಡಗಿತು. ನಮ್ಮ ಕಂಪನಿಯವರು ಹೋಗಿ ಅರ್ಥಿಂಗ್ ನೋಡಿದರು, ಕೇಬಲ್ ಬದಲಾಯಿಸಿದರು. ಏನೂ ಸಿಗಲಿಲ್ಲ. ಹೀಗೇ ಆದರೆ ಚಾರ್ಜರುಗಳನ್ನು ಕಿತ್ತು ಬೇರೆ ಕಡೆ ಹಾಕಬೇಕಾಗುತ್ತದೆ ಎಂದ ಯಜಮಾನರು, ಯಾವ್ಯಾವಾಗ ನಿಂತಿತೆಂದು ಪಟ್ಟಿ ಮಾಡಲು ನನಗೇ ಹೇಳಿದರು. ಹನ್ನೊಂದು ಸಲ ನಿಂತಿತ್ತು. ಯಾರು ಯಾವ ಪುಟವನ್ನು ಎಷ್ಟು ಹೊತ್ತಿಗೆ ತೆರೆದರು ಎಂಬುದೂ ನಮ್ಮಲ್ಲಿ ದಾಖಲಾಗುತ್ತದೆ. ಏನಾದರೂ ಸುಳಿವು ಸಿಕ್ಕೀತೆಂದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಹನ್ನೊಂದು ಸಲವೂ, ಅದಕ್ಕೆ ನಿಮಿಷ ಮುಂಚೆ ಪುಟ ತೆರೆದವಳು ನಾನು.

ಪಟ್ಟಿಯನ್ನು ಮೇಲಿನಿಂದ ಮತ್ತೊಮ್ಮೆ ತಾಳೆ ನೋಡಿದೆ, ಅದೇ. ಆದರೂ ಓದಿದವಳಲ್ಲವೇ, ನನ್ನ ಲಾಗಿನ್ನಿನಲ್ಲೇ ಏನೋ ದೋಷ ಎಂದುಕೊಂಡೆ. ಸಾಫ್ಟ್‌ವೇರ್ ನೋಡಿಕೊಳ್ಳುವ ಸುರೇಶ್ ಅವರನ್ನು ಕರೆದು, ಪುಟ ತೆರೆದರೆ ಚಾರ್ಜರ್ ನಿಲ್ಲಬಹುದೇ ಎಂದು ಕೇಳಿದೆ. "ಚಾನ್ಸೇ ಇಲ್ಲ ಮೇಡಂ. ಅದು ಬರೀ ಓದುತ್ತೆ, ಅಲ್ಲಿಗೆ ಏನೂ ಕಳಿಸಲ್ಲ" ಎಂದರು. ನನ್ನದೇ ಕುರ್ಚಿಯಲ್ಲಿ ಕೂತು ಇಪ್ಪತ್ತು ಸಲ ತೆರೆದು ತೋರಿಸಿದರು. ಗೆರೆ ಅಲುಗಲಿಲ್ಲ. ನಾನೂ ಬೆಳಗಿನ ಹೊತ್ತು ಲೆಕ್ಕಕ್ಕೆಂದು ಎಷ್ಟೋ ಸಲ ತೆರೆದಿದ್ದೆ, ಆಗ ಏನೂ ಆಗಿರಲಿಲ್ಲ. ಹಾಗಾದರೆ ಆ ಹನ್ನೊಂದು ಸಲ ನನ್ನಲ್ಲಿ ಇದ್ದದ್ದೇನು? ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ. ಪುಟ ನೋಡುವುದನ್ನೂ ಬಿಟ್ಟೆ.

ಎರಡು ವಾರ ಏನೂ ಆಗಲಿಲ್ಲ. ಆ ಸಮಾಧಾನದಲ್ಲೇ, ರುಕ್ಮಿಣಿ ಊಟಕ್ಕೆ ಕರೆದಾಗ ಒಂದು ಶನಿವಾರ ಅವಳ ಮನೆಗೆ ಹೋದೆ. ಊಟವಾಗಿ ಮೂರೂವರೆ ಹೊತ್ತಿಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆರು ಚಾರ್ಜರುಗಳ ಮೇಲೂ ಹಸಿರು ದೀಪ. ಬಂದ ಕೂಡಲೇ ಫೋನನ್ನು ಒಳಗೆ ಚಾರ್ಜಿಗಿಟ್ಟಿದ್ದೆ, ಹೊರಗೆ ಬರುವಾಗ ಹಾಗೇ ಬ್ಯಾಗಿಗೆ ಹಾಕಿಕೊಂಡಿದ್ದೆ, ಪುಟ ತೆರೆದಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಪಕ್ಕದಲ್ಲಿ ಒಬ್ಬ ಆಟೋದವರು ಕೂತಿದ್ದರು. ಅವರ ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು, ಆಕೆ ಆಟೋದೊಳಗೇ ಒರಗಿ ಕಣ್ಣು ಮುಚ್ಚಿದ್ದರು. "ಇನ್ನಿಪ್ಪತ್ ನಿಮಿಷ ಆದ್ರೆ ಸಾಕು ಮೇಡಂ" ಎಂದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. "ಈ ಅಕ್ಕ ಇಲ್ದಿದ್ರೆ ನಮ್ ಗತಿ ಏನು ಹೇಳಿ. ಇಲ್ಲಿ ಹಿಂಗೊಂದ್ ಮಾಡ್ಬೇಕು ಅಂತ ಇನ್ಯಾರ ತಲೆಗೆ ಹೊಳೆಯುತ್ತೆ?"

ನನ್ನ ತಲೆಗೆ ಹೊಳೆದದ್ದು, ನನ್ನ ತಲೆಗೆ, ಎಂದು ಒಳಗೆ ಏನೋ ಕೂಗಿತು. ತಲೆಯೆತ್ತಿ ಚಾರ್ಜರುಗಳ ಕಡೆ ನೋಡಿದೆ. ನನಗೆ ಹತ್ತಿರವಿದ್ದ ದೀಪ ಆರಿತು. ಅದರ ಪಕ್ಕದ್ದು ಆರಿತು. ನನ್ನ ಕಣ್ಣು ಸರಿದಂತೆ ಒಂದೊಂದಾಗಿ ಆರೂ ಆರಿದವು. ಟ್ರಿಪ್ ಆದರೆ, ಅಂದರೆ ಮೇನ್ ಸ್ವಿಚ್ಚು ತಾನಾಗಿ ಬಿದ್ದರೆ, ಎಲ್ಲ ಒಟ್ಟಿಗೆ ಆರಬೇಕು. ಹೀಗೆ ಸಾಲಾಗಿ ಆರುವುದನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ.

ಆಟೋದವರು ಎದ್ದು ಓಡಿದರು. ರುಕ್ಮಿಣಿ ಬಂದು ನಾನು ಕಲಿಸಿದಂತೆಲ್ಲ ಮಾಡಿದಳು. ಬರಲಿಲ್ಲ. "ಅಕ್ಕ, ನೀವೇ ಒಂಚೂರು ನೋಡಿ" ಎಂದಳು. ನೋಡಿ ಎಂಬ ಮಾತು ಕೇಳಿ ನಾನು ಮುಖ ಆಚೆ ತಿರುಗಿಸಿದೆ. ಆಟೋದೊಳಗಿನ ಮುದುಕಿ ಕಣ್ಣು ತೆರೆದು, "ಏನಾಯ್ತಪ್ಪಾ?" ಎಂದು ಮಗನನ್ನು ಕೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೆಡಿಕಲ್ ಶಾಪಿಗೆ ಹೋಗಿಬರುತ್ತೇನೆಂದು ಏನೋ ಒಂದು ಹೇಳಿ, ತಲೆ ತಗ್ಗಿಸಿಕೊಂಡು ರಸ್ತೆಗಿಳಿದೆ. ತಿರುವು ದಾಟಿ ಹತ್ತು ಹೆಜ್ಜೆ ಹಾಕಿರಲಿಲ್ಲ, ಫೋನ್ ಬಂತು. "ಬಂತು ಅಕ್ಕ, ಎಲ್ಲಾ ಬಂತು! ಎಲ್ಲಿದೀರಾ?"

ಆಟೋದವರು ತಾಯಿಯನ್ನು ಕರೆದುಕೊಂಡು ಹೊರಟುಹೋಗುವುದನ್ನು ತಿರುವಿನಲ್ಲೇ ನಿಂತು ನೋಡಿದೆ. ಆಮೇಲೆ ವಾಪಸ್ಸು ಹೋದೆ. ಅತ್ತೆ ಅಂಗಳದಲ್ಲಿ ಕೆಂಡ ಮಾಡಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಚಾರ್ಜರುಗಳಿಗೆ ನಿವಾಳಿಸುತ್ತಿದ್ದರು. "ಊರ ಕಣ್ಣು, ಕೇರಿ ಕಣ್ಣು, ನೆಂಟರ ಕಣ್ಣು..." ಎನ್ನುತ್ತ ಕೆಂಡಕ್ಕೆ ಹಾಕಿದರು. ಅಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. "ನೋಡಿದ್ಯಾ, ಘಾಟೇ ಇಲ್ಲ. ಎಂಥಾ ದೃಷ್ಟಿ ಬಿದ್ದಿತ್ತೋ" ಎಂದರು.

ಆಗ ರುಕ್ಮಿಣಿ, "ಅಕ್ಕಂಗೂ ತೆಗೀರಿ ಅತ್ತೆ. ಪಾಪ, ಮುಖ ನೋಡಿ ಹೆಂಗಾಗೈತೆ" ಎಂದಳು. ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ, ಹೋಗಿ ನಿಂತೆ. ಅದೇ ಪೊಟ್ಟಣದ ಮೆಣಸಿನಕಾಯಿ, ಅದೇ ಕೆಂಡ. ಈ ಸಲ ಎದ್ದ ಘಾಟಿಗೆ ಎಲ್ಲರೂ ಕೆಮ್ಮುತ್ತ ದೂರ ಓಡಿದೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಿಂಗ್ಯಾರ ಕಣ್ಣೂ ಬಿದ್ದಿಲ್ಲ ಬಿಡು" ಎಂದರು. ಆ ಹೊತ್ತಿನಲ್ಲೂ ನನಗೆ ಆ ಮಾತು ಚುಚ್ಚಿತು. ನನ್ನನ್ನು ನೋಡಿ ಕರುಬುವಂಥದ್ದು ನನ್ನಲ್ಲಿ ಏನೂ ಇಲ್ಲವೇ ಎಂದು.

ಸೋಮವಾರ ಆ ಜಾಗದ ಲೆಕ್ಕವನ್ನು ಬೇರೆಯವರಿಗೆ ಕೊಡಿಸಿದೆ. ಮತ್ತೆ ಅದು ನಿಂತಿಲ್ಲ. ಅದೇ ವಾರ ನಮ್ಮ ಕಂಪನಿಯವರು ತಂತಿಯ ಒಂದು ಹಳೇ ಜಾಯಿಂಟ್ ಬದಲಾಯಿಸಿದ್ದರು, ಅದರಿಂದಲೇ ಸರಿಹೋಯಿತು ಎಂದು ಸುರೇಶ್ ಹೇಳುತ್ತಾರೆ. ಇರಬಹುದು. ಆದರೆ ದೀಪಗಳು ನನ್ನ ಕಣ್ಣ ಹಿಂದೆ ಹಿಂದೆಯೇ ಆರಿದ್ದು ಯಾವ ಜಾಯಿಂಟಿನಿಂದ?

ವರ್ಷದ ಮೇಲೆ, ಕೆಂಗೇರಿಯ ಛತ್ರದಲ್ಲಿ ಒಂದು ನಾಮಕರಣದ ಊಟಕ್ಕೆ ನಾನು, ರುಕ್ಮಿಣಿ ಪಕ್ಕಪಕ್ಕದ ಎಲೆಗೆ ಕೂತಿದ್ದೆವು. ಯಾಕೆ ಮನೆ ಕಡೆ ಬರುತ್ತಿಲ್ಲ ಎಂದು ಕೇಳಿದಳು. ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಹೊಟ್ಟೆಕಿಚ್ಚು ಎಂಬ ಪದವನ್ನೇ ಬಳಸಿದೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿ ಕೂತಳು. ಸಿಟ್ಟಾಗುತ್ತಾಳೆ ಎಂದುಕೊಂಡೆ.

"ನಂಗೂ ಆಗ್ತಿತ್ತು ಅಕ್ಕ" ಎಂದಳು ಮೆಲ್ಲಗೆ. "ಮದುವೆಯಾಗಿ ಬಂದಾಗಿಂದ. ನೀವು ಬ್ಯಾಗ್ ಹಾಕ್ಕೊಂಡು ಗಾಡಿ ಹತ್ತಿ ಹೊರಟ್ರೆ ನಾನು ಒಳಗೋಗಿ ಅತ್ತಿದೀನಿ. ಎಷ್ಟು ದಿನ ಅಂತೀರಾ. ಆದ್ರೆ ನಿಮ್ ಗಾಡಿ ಒಂದ್ ದಿನಾನೂ ನಿಲ್ಲಲಿಲ್ವಲ್ಲ?"

ಅವಳು ಕುಹಕವಾಗಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು, ಕಾರಣ ನನಗೆ ಗೊತ್ತಿರುತ್ತದೆ ಎಂಬಂತೆ ನನ್ನ ಮುಖವನ್ನೇ ನೋಡುತ್ತ ಕೂತಳು. ಬಡಿಸುವವರು ಬಂದರು, ಹೋದರು. ಆ ಕಾರಣವನ್ನು ಇದನ್ನು ಬರೆಯುತ್ತಿರುವ ಇವತ್ತೂ ಹುಡುಕುತ್ತಿದ್ದೇನೆ.