ನನ್ನ ಮದುವೆಗೆ ಕೂಣಿ ಹೊತ್ತು ಬಂದವರು

ಲಗ್ನಪತ್ರಿಕೆ ಕೊಡಲು ಪಕ್ಕದ ಕೇರಿಗೆ ಹೋಗಿದ್ದ ಅಪ್ಪ, ಪತ್ರಿಕೆಗಳನ್ನು ಹಾಗೇ ಹಿಡಿದುಕೊಂಡು ವಾಪಸ್ ಬಂದರು. ಮುಖ ಇಳಿದುಹೋಗಿತ್ತು. ಅಮ್ಮನಿಗೆ ಹೇಳಿದರು.

"ಮದ್ವೆ ದಿನವೇ ಕೆರೆಬೇಟೆ ಅಂತೆ ಕಣೇ..."

ತೊಂಬತ್ತರ ದಶಕದ ಒಂದು ಬೇಸಿಗೆ. ಸೊರಬ ತಾಲೂಕು, ಕುಪ್ಪಗಡ್ಡೆ ಕಡೆ ನಮ್ಮೂರು. ಮದುವೆ ನನ್ನದು.

ಕೆರೆಬೇಟೆ ನೋಡದವರಿಗೆ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಕೆರೆಯ ನೀರು ಮೊಣಕಾಲಿಗೆ ಇಳಿದಾಗ ಸುತ್ತಲಿನ ಊರವರೆಲ್ಲ ಕೂಣಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಹೊತ್ತು ಬಂದು ಒಟ್ಟಿಗೇ ನೀರಿಗಿಳಿಯುತ್ತಾರೆ. ಆಮೇಲೆ ಕೆರೆ ತುಂಬಾ ಕೆಸರು. ಪಾತ್ರೆ ತೊಳೆಯಲೂ ಆ ನೀರು ಆಗುವುದಿಲ್ಲ.

ಕೆರೆ ಒಂದೇ, ಬೇಕಾದವರು ಹತ್ತಾರು ಜನ. ಅದಕ್ಕೇ ಪ್ರತಿವರ್ಷ ಊರ ಮೀಟಿಂಗ್. ಮೊದಲು ಗದ್ದೆ ನೀರಿನ ಪಾಳಿ, ಆಮೇಲೆ ದನ, ಕುರಿ ತೊಳೆಯುವ ಮೂಲೆ, ಬಟ್ಟೆ ಒಗೆಯುವ ಮೂಲೆ... ಕಟ್ಟಕಡೆಗೆ ಮೀನು.

ನಮ್ಮದು ಮೀನು ಮುಟ್ಟದ ಮನೆ. ಮೀನಿನ ಸುದ್ದಿ ಬಂತೋ, ಅಪ್ಪ ಟವೆಲ್ ಕೊಡವಿ ಎದ್ದು ಬಂದುಬಿಡುತ್ತಿದ್ದರು. ಆ ಸಲವೂ ಎದ್ದು ಬಂದಿದ್ದರು. ಬೇಟೆಯ ದಿನ ನಿಗದಿಯಾಗಿದ್ದು ಅವರು ಎದ್ದ ಮೇಲೆ.

ಇತ್ತ ಪತ್ರಿಕೆ ಅಚ್ಚಾಗಿದೆ, ಶಿಕಾರಿಪುರದ ಬೀಗರು ಬಸ್ಸು ಗೊತ್ತುಮಾಡಿದ್ದಾರೆ. ಅತ್ತ ಸುತ್ತಲಿನ ಊರುಗಳಿಗೆಲ್ಲ, ಉಳವಿವರೆಗೂ, ಬೇಟೆಯ ಡಂಗುರ ಸಾರಿ ಆಗಿದೆ. ಎರಡರಲ್ಲಿ ಯಾವುದನ್ನೂ ಮುಂದೂಡುವ ಹಾಗಿಲ್ಲ.

ನನಗಂತೂ ಅಳುವೇ ಬಂತು. ಊರೆಲ್ಲ ಕೆರೆಯಲ್ಲಿದ್ದರೆ ಖಾಲಿ ಚಪ್ಪರದಲ್ಲಿ ತಾಳಿ ಕಟ್ಟಿಸಿಕೊಳ್ಳಬೇಕಾ?

ಸಂಜೆ ದ್ಯಾವಪ್ಪಣ್ಣ ಬಂದ. ಕೆರೆಬೇಟೆಯ ಮುಂದಾಳು ಅವನೇ. ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, ನಿಧಾನಕ್ಕೆ ಹೇಳಿದ.

"ನಿಮ್ಮ ಮಗಳು ನಮಗೇನು ಬ್ಯಾರೆಯೇನ್ರೀ? ಬೆಳಿಗ್ಗೆ ಮುಂಚೆ ನೀವು ನೀರು ತುಂಬ್ಕಳ್ರಿ. ಆಮೇಲೆ ಮುಹೂರ್ತ ಆಗ್ಲಿ. ಅಕ್ಕಿಕಾಳು ಹಾಕ್ದೇ ಇರೋನ್ನ ಕೆರೆಗೆ ಇಳಿಯಾಕೆ ನಾ ಬಿಡಲ್ಲ."

ಅಪ್ಪನಿಗೆ ಇನ್ನೂ ಒಂದು ಚಿಂತೆ. "ಚಪ್ಪರದ ಹತ್ರ ಮೀನಿನ ವಾಸನೆ ಬಂದ್ರೆ?"

"ಅದ್ಕೇ ಅಲ್ವೇನ್ರೀ ಮದ್ವೆ ಮೊದ್ಲು, ಮೀನು ಆಮ್ಯಾಲೆ."

ಮದುವೆ ದಿನ ಬೆಳಕು ಹರಿಯುವಷ್ಟರಲ್ಲಿ ಎತ್ತಿನ ಗಾಡಿಯಲ್ಲಿ ಡ್ರಮ್ಮುಗಟ್ಟಲೆ ನೀರು ಬಂತು. ಬೀಗರ ಬಸ್ಸೂ ಬಂತು.

ನಾನು ಮಣೆ ಮೇಲೆ ಕೂತು ಮೆಲ್ಲಗೆ ತಲೆ ಎತ್ತಿ ನೋಡುತ್ತೇನೆ... ಚಪ್ಪರದ ಸುತ್ತ ಜನವೋ ಜನ. ಎಲ್ಲರೂ ಚಡ್ಡಿ, ಬನಿಯನ್ನು, ಹೆಗಲ ಮೇಲೆ ಕೂಣಿ. ಅರ್ಧ ಮಂದಿಯ ಮುಖವನ್ನೇ ನಾನು ಕಂಡಿರಲಿಲ್ಲ.

ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಇವ್ರೆಲ್ಲಾ ನಿಮ್ಮ ಸಂಬಂಧಿಕ್ರೇನವಾ?"

ನಾನು ತಲೆ ಬಗ್ಗಿಸಿಕೊಂಡೇ ಹೂಂ ಅಂದೆ.

ಗಟ್ಟಿಮೇಳ ಆಯಿತು. ಎಷ್ಟು ಅಕ್ಕಿಕಾಳು ಬಿತ್ತೆಂದರೆ ನಮ್ಮವರ ಪೇಟದೊಳಗೆಲ್ಲ ಅಕ್ಕಿ. ಮರುಕ್ಷಣವೇ ಚಪ್ಪರ ಅರ್ಧ ಖಾಲಿ! ಕೆರೆ ಏರಿಯ ಕಡೆಯಿಂದ ಕೇಕೆ ಕೇಳಿದ್ದೇ ತಡ, ನಮ್ಮವರೂ ಕತ್ತು ಉದ್ದ ಮಾಡಿ ಅತ್ತಲೇ ನೋಡುತ್ತಿದ್ದಾರೆ.

ಉಳಿದದ್ದು ಊಟ. ಬೇಟೆ ಮುಗಿಸಿ ಮೈಯೆಲ್ಲ ಕೆಸರು ಮಾಡಿಕೊಂಡವರು ಪಂಕ್ತಿಗೆ ಬರಲು ಸಂಕೋಚಪಟ್ಟು ಏರಿಯ ಮೇಲೆಯೇ ಕೂತುಬಿಟ್ಟರು. ನಮ್ಮ ಚಪ್ಪರಕ್ಕೆ ಏರಿ ಚೆನ್ನಾಗಿ ಕಾಣುತ್ತಿತ್ತು.

ಅಪ್ಪ ಅದನ್ನು ನೋಡಿದರು. ಆಮೇಲೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು, ಪಂಚೆ ಮೇಲೆ ಕಟ್ಟಿ, ಗೋಧಿ ಹುಗ್ಗಿಯ ಬಕೆಟ್ ಎತ್ತಿಕೊಂಡು ಏರಿ ಹತ್ತಿದರು. ಮೀನಿನ ಬುಟ್ಟಿಗಳ ನಡುವೆಯೇ ಓಡಾಡುತ್ತಾ ಒಬ್ಬೊಬ್ಬರಿಗೂ ಬಲವಂತ ಮಾಡಿ ಬಡಿಸಿದರು.

ತಾಳಿ ಕಟ್ಟುವಾಗ ಬರದ ಅಳು ನನಗೆ ಆಗ ಬಂತು.

ಆಮೇಲೆ ಅಪ್ಪ ಇರುವವರೆಗೂ ಕೆರೆ ಮೀಟಿಂಗಿನಲ್ಲಿ ಮಧ್ಯೆ ಎದ್ದು ಬರಲಿಲ್ಲ. ಮೀನಿನ ಮಾತು ಮುಗಿಯುವ ತನಕ ಕೂತಿರುತ್ತಿದ್ದರು.

ಮದುವೆ ಆಲ್ಬಮ್ಮಿನಲ್ಲಿ ನಮ್ಮಿಬ್ಬರ ಹಿಂದೆ ಈಗಲೂ ಕೂಣಿಗಳ ಸಾಲು. ಯಾರಮ್ಮಾ ಇವರೆಲ್ಲ ಎಂದು ಮಕ್ಕಳು ಕೇಳಿದರೆ, ನಮ್ಮ ಕಡೆಯ ನೆಂಟರು ಎಂದೇ ಹೇಳುತ್ತೇನೆ... ನಿಮ್ಮ ಮದುವೆ ಫೋಟೋದಲ್ಲೂ ಹೆಸರು ಗೊತ್ತಿಲ್ಲದ ನೆಂಟರು ಇದ್ದಾರಾ?