ಕೊಡೆ ಬಟ್ಟೆಯ ಎರಡು ಜೋಡಿ

ನಮ್ಮಪ್ಪ ಕೊಡೆ ರಿಪೇರಿಯವನು. ನಲವತ್ತು ವರ್ಷದಿಂದ ಒಂದೇ ಅಂಗಡಿ. ಅಂಗಡಿ ಅನ್ನುವುದು ಮರ್ಯಾದೆಯ ಮಾತು, ಎರಡು ಕಟ್ಟಡಗಳ ನಡುವೆ ಉಳಿದುಹೋದ ಸಂದಿಗೆ ಯಾರೋ ಬಾಗಿಲು ಇಟ್ಟಿದ್ದಾರೆ, ಅಷ್ಟೇ. ಒಳಗೆ ಅವನು, ಅವನ ಸ್ಟೂಲು, ಹೊಲಿಗೆ ಯಂತ್ರ, ತಲೆಕೆಳಗಾಗಿ ನೇತಾಡುವ ಇನ್ನೂರು ಕೊಡೆ. ಗಿರಾಕಿ ಹೊರಗೇ ನಿಲ್ಲಬೇಕು, ಮಳೆ ಬಂದರೆ ನೆನೆಯಬೇಕು. ಇದರಲ್ಲಿ ನಗುವಂಥದ್ದೇನೂ ಅಪ್ಪನಿಗೆ ಇವತ್ತಿನವರೆಗೆ ಕಂಡಿಲ್ಲ.

ಅವನದೊಂದು ಪದ್ಧತಿ ಇದೆ. ಯಾರ ಕೊಡೆಗೆ ಹೊಸ ಬಟ್ಟೆ ಹಾಕಿದರೂ ಅದೇ ಬಟ್ಟೆಯ ಅಂಗೈಯಗಲದ ಚೂರಿಗೆ ಗಿರಾಕಿಯ ಹೆಸರು ಬರೆದು ಸೂರಿನ ತಂತಿಗೆ ಸಿಕ್ಕಿಸುತ್ತಾನೆ. ಕೊಡೆ ತಿನ್ನುವ ಬಿಸಿಲು, ಗಾಳಿ, ಮಳೆಯನ್ನೆಲ್ಲ ಚೂರೂ ತಿನ್ನುತ್ತದೆ. ವಾರಕ್ಕೊಮ್ಮೆ ಚಮಚದಲ್ಲಿ ನೀರು ಹಾಕಿ ನೋಡುತ್ತಾನೆ. ಸೋರಿತೋ, ಅಂಗಡಿ ಮುಚ್ಚಿ ಆ ಗಿರಾಕಿಯ ಮನೆಗೇ ನಡೆದುಹೋಗಿ, "ನಿಮ್ಮ ಕೊಡೆ ಇವತ್ತೋ ನಾಳೆಯೋ ಸೋರುತ್ತೆ, ತಂದ್ಬಿಡಿ" ಅನ್ನುತ್ತಾನೆ. ಒಬ್ಬ ಲಾಯರು ತಮ್ಮ ಕೊಡೆಯನ್ನು ಆರು ವರ್ಷದ ಹಿಂದೆಯೇ ಬಸ್ಸಿನಲ್ಲಿ ಬಿಟ್ಟುಬಂದಿದ್ದರಂತೆ. ಅಪ್ಪ ಜಗ್ಗಲಿಲ್ಲ. "ಎಲ್ಲಿದ್ಯೋ ಅಲ್ಲೇ ಸೋರ್ತಾ ಇರುತ್ತೆ, ಹೇಳೋದು ನನ್ನ ಧರ್ಮ" ಎಂದು ಹೇಳಿ ಬಂದ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ತೀರಿಹೋದಳು. ಅಲ್ಲಿಂದ ನನ್ನನ್ನು ಬೆಳೆಸಿದ್ದು ಈ ಮನುಷ್ಯ. ಬೆಳೆಯುವ ಹುಡುಗಿಗೆ ಹೇಳಬೇಕಾದ ಒಂದು ಮಾತನ್ನೂ ಅವನು ಬಾಯಿಬಿಟ್ಟು ಹೇಳಿದವನಲ್ಲ. ಪಕ್ಕದ ಮನೆಯ ನರ್ಸಮ್ಮನ ಕೈಯಲ್ಲಿ ಒಂದು ಪುಸ್ತಕ ಕೊಡಿಸಿದ. ಆಕೆ ಅದನ್ನು ನನಗೆ ವಿವರಿಸುವಷ್ಟು ಹೊತ್ತೂ ಹಿತ್ತಿಲಲ್ಲಿ ನಿಂತು ಕೆಮ್ಮುತ್ತಿದ್ದ.

ನನ್ನ ಗಂಡ ದೂರದೂರಿಗೆ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮಗಳು ಹುಟ್ಟಿದ ಮೇಲೆ ಅಪ್ಪನ ಮನೆಯಲ್ಲೇ ಉಳಿದೆ. ಅವಳಿಗೆ ಮೂರು ತಿಂಗಳಾದಾಗ ಶಾಲೆಗೆ ವಾಪಸಾದೆ. ಮೂರನೇ ಕ್ಲಾಸಿನ ಟೀಚರು ನಾನು, ಎರಡು ವರ್ಷದಿಂದ ತಾತ್ಕಾಲಿಕ.

ಮೂರನೇ ದಿನವೇ ಮಾನ ಹೋಯಿತು. ಪಕ್ಕದ ಕೋಣೆಯಲ್ಲಿ ಒಂದನೇ ಕ್ಲಾಸಿನ ಮಗುವೊಂದು ಪೆನ್ಸಿಲು ಕಳೆದುಕೊಂಡು ಅತ್ತಿತು. ಅದು ನನ್ನ ಮಗುವಲ್ಲ ಎಂದು ನನಗೆ ಗೊತ್ತು, ನನ್ನ ಎದೆಗೆ ಗೊತ್ತಾಗಬೇಕಲ್ಲ? ಬೋರ್ಡಿನಿಂದ ತಿರುಗಿದಾಗ ಅಂಗಿಯ ಮೇಲೆ ತಟ್ಟೆಯಗಲದ ಎರಡು ಒದ್ದೆ ವೃತ್ತ. ಮೂವತ್ತೆಂಟು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಉಳಿದ ಪಾಠವನ್ನು ಹಾಜರಿ ಪುಸ್ತಕ ಅವುಚಿಕೊಂಡೇ ಮುಗಿಸಿದೆ.

ಮುಂದಿನ ಗುರುವಾರ ಇನ್ಸ್‌ಪೆಕ್ಟರು ಬರುವವರಿದ್ದರು. ನಲವತ್ತೈದು ನಿಮಿಷ ನನ್ನ ಪಾಠ ನೋಡಿ, ಮೆಚ್ಚಿದರೆ ಕೆಲಸ ಕಾಯಂ. ಅವರ ಮುಂದೆ ಹೀಗಾದರೆ ಏನು ಗತಿ? ಹಾಲು ಹೀರಿಕೊಳ್ಳಲು ಅಂಗಡಿಯಲ್ಲಿ ಸಿಗುವ ಪ್ಯಾಡು ದಿನಕ್ಕೆ ನಾಲ್ಕು ಬೇಕು, ನನ್ನ ಸಂಬಳಕ್ಕೆ ಅದು ಆಗದ ಮಾತು. ಮಗುವಿಗೆ ಮೊಲೆ ಬಿಡಿಸಲು ಮನಸ್ಸು ಬರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಕೂತು ಅಳುತ್ತಾ ರಾಜೀನಾಮೆ ಬರೆದೆ.

"ಏನಾಯ್ತು?" ಅಂದ ಅಪ್ಪ.

"ಸೋರುತ್ತೆ," ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೂ ನಾಲಿಗೆ ಏಳಲಿಲ್ಲ.

ಅಪ್ಪ ಗೋಡೆಯ ಕಡೆ ತಿರುಗಿದ. ಕಿವಿ ಕೆಂಪಾಗಿತ್ತು. "ಒಂದೇ ಕಡೆನೋ, ಎರಡೂ ಕಡೆನೋ?"

"ಎರಡೂ."

"ಎಷ್ಟು ಹೊತ್ತು ತಡೀಬೇಕು?"

"ನಲವತ್ತೈದು ನಿಮಿಷ."

ರಾಜೀನಾಮೆ ಪತ್ರವನ್ನು ಮಗುಚಿ, ಅದರ ಬೆನ್ನಿನ ಮೇಲೆ ಡಬ್ಬಿಯ ಮುಚ್ಚಳ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದ. "ಇಷ್ಟಗಲ ಸಾಕಾ?" ಎಂದು ಒಲೆಯನ್ನು ಕೇಳಿದ. "ಸಾಕು" ಎಂದು ನಾನು ಸೂರಿಗೆ ಹೇಳಿದೆ.

ಮೊದಲ ಜೋಡಿ ಪ್ಯಾಡನ್ನು ಕೈಗೆ ಬಂದ ಅಭ್ಯಾಸದಂತೆ ಎಂಟು ತ್ರಿಕೋನ ಸೇರಿಸಿ ಹೊಲಿದ, ತುದಿಯಲ್ಲೊಂದು ಗುಂಡಿ ಬೇರೆ. ಹಾಕಿಕೊಂಡರೆ ಅಂಗಿಯೊಳಗೆ ಎರಡು ಪುಟ್ಟ ಕೊಡೆಗಳು ಬಿಚ್ಚಿ ನಿಂತವು. ನಾನು ಬಾಗಿಲ ಸಂದಿಯಿಂದ ವಾಪಸು ಕೊಟ್ಟೆ. ಎರಡನೆಯದು ಚಪ್ಪಟೆಯಾಗಿತ್ತು. ಮೈಗೆ ತಾಗುವ ಕಡೆ ಅವನದೇ ಹಳೆಯ ಬನಿಯನ್ನು, ಒಗೆದು ಒಗೆದು ಮೆತ್ತಗಾದದ್ದು. ನಡುವೆ ಸವೆದ ಟವೆಲ್ಲು ಎರಡು ಪದರ. ಹೊರಗೆ ಕೊಡೆ ಬಟ್ಟೆ. ನಡೆದರೆ ಅದು ಚರಚರ ಅನ್ನುತ್ತಿತ್ತು, ಕುದಿಸಿ ಮೆತ್ತಗೆ ಮಾಡಿದ. ಆಮೇಲೆ ಪರೀಕ್ಷೆ. ತನ್ನ ಅಂಗಿಯೊಳಗೇ ಒಂದು ಜೋಡಿ ಸಿಕ್ಕಿಸಿಕೊಂಡು, ಕತ್ತಿನ ಸಂದಿಯಿಂದ ಚಮಚದಲ್ಲಿ ನೀರು ಹುಯ್ದುಕೊಳ್ಳುತ್ತಾ ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತಿದ್ದ. ಗಿರಾಕಿಗಳು ಕೇಳಿದರೆ "ಸೆಖೆ" ಅನ್ನುತ್ತಿದ್ದ. ಹೊರಗೆ ಅವರು ಮಳೆಯಲ್ಲಿ ನಡುಗುತ್ತಾ ನಿಂತಿರುತ್ತಿದ್ದರು.

ಗುರುವಾರ ಬೆಳಿಗ್ಗೆ ನನಗೆ ಒಂದು ಜೋಡಿ ಕೊಟ್ಟ. ಅದೇ ಬಟ್ಟೆಯ, ಅದೇ ಹೊಲಿಗೆಯ ಇನ್ನೊಂದು ಜೋಡಿಯನ್ನು ತಾನು ಹಾಕಿಕೊಂಡ. ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಶಾಲೆಗೇ ಬಂದ. ಕೈಯಲ್ಲಿ ನೀರಿನ ಫ್ಲಾಸ್ಕು, ಚಮಚ.

"ಇದೆಲ್ಲ ಯಾಕಪ್ಪ?"

"ನಿಂದು ಸೋರೋದು ನನಗೆ ಹೇಗೆ ಗೊತ್ತಾಗಬೇಕು? ನೀನು ಪಾಠ ಮಾಡು."

ಟೀಚರುಗಳ ಕೋಣೆಯಲ್ಲಿ ಅವನನ್ನು ಕೂರಿಸಿದೆ. ಅದರ ಬಾಗಿಲಲ್ಲೇ ಶಾಲೆಯ ಗಂಟೆ ನೇತಾಡುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಪಾಠ ಗಡಿಯಾರ ನೋಡುವುದು. ಇನ್ಸ್‌ಪೆಕ್ಟರು ಹಿಂದಿನ ಬೆಂಚಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಹತ್ತು ನಿಮಿಷಕ್ಕೆ ಮಗಳ ಅಳು ಕೇಳಿಸಿತು. ಎದೆ ಜಗ್ಗಿತು, ಹಾಲು ಇಳಿದದ್ದು ಗೊತ್ತಾಯಿತು. ಕೆಳಗೆ ನೋಡುವ ಧೈರ್ಯವಿಲ್ಲ. ಮುಳ್ಳು ತಿರುಗಿಸುತ್ತಾ, ಮಕ್ಕಳನ್ನು ಕೇಳುತ್ತಾ ಹೋದೆ. ಇಪ್ಪತ್ತೈದನೇ ನಿಮಿಷಕ್ಕೆ ಇನ್ನೊಂದು ಸಲ ಅತ್ತಳು. ಮುಂದಿನ ಬೆಂಚಿನ ಮಕ್ಕಳು ನನ್ನ ಎದೆಯನ್ನೇ ನೋಡುತ್ತಿದ್ದವು, ಇನ್ನೊಮ್ಮೆ ನಗುವ ಆಸೆಯಿಂದ.

ಇದ್ದಕ್ಕಿದ್ದಂತೆ ಢಣಢಣ ಗಂಟೆ. ಒಂದಲ್ಲ ಎರಡಲ್ಲ, ಊರಿಗೆ ಬೆಂಕಿ ಬಿದ್ದಂತೆ. ಬೇರೆ ಕ್ಲಾಸಿನ ಮಕ್ಕಳೆಲ್ಲ ಹೋ ಎಂದು ಆಟಕ್ಕೆ ನುಗ್ಗಿದವು. ನನ್ನ ಪಾಠ ಮುಗಿದಿರಲಿಲ್ಲ. ಕೆಲಸ ಹೋಯಿತು ಅಂದುಕೊಂಡೆ.

ಆಗ ನನ್ನ ಮಕ್ಕಳು ಎದ್ದು ನಿಂತು ಗೋಡೆಯ ಗಡಿಯಾರ ತೋರಿಸಿ ಕಿರುಚಿದವು: "ಮಿಸ್, ಇನ್ನೂ ಏಳು ನಿಮಿಷ ಇದೆ! ಮೋಸ!"

ಮೂವತ್ತೆಂಟೂ ಮಕ್ಕಳು. ಹಿಂದಿನ ವಾರ ಅವರಲ್ಲಿ ನಾಲ್ಕು ಮಕ್ಕಳಿಗೂ ಸರಿಯಾಗಿ ಗಡಿಯಾರ ನೋಡಲು ಬರುತ್ತಿರಲಿಲ್ಲ. ಇನ್ಸ್‌ಪೆಕ್ಟರು ತಮ್ಮ ಕೈಗಡಿಯಾರ ನೋಡಿದರು. "ಏಳೇ," ಎಂದು ಗೊಣಗಿ ಏನೋ ಬರೆದುಕೊಂಡು ಹೊರಗೆ ಹೊರಟರು. ನಾವೆಲ್ಲ ಅವರ ಹಿಂದೆ.

ಜಗಲಿಯಲ್ಲಿ ಅಪ್ಪ ನಿಂತಿದ್ದ. ಒಂದು ಕೈಯಲ್ಲಿ ಅಳುವ ಮಗು, ಇನ್ನೊಂದರಲ್ಲಿ ಗಂಟೆಯ ಸುತ್ತಿಗೆ. ಅಂಗಿಯ ಮೇಲೆ, ಬಿಳಿ ಮೀಸೆಯ ಕೆಳಗೆ, ತಟ್ಟೆಯಗಲದ ಎರಡು ಒದ್ದೆ ವೃತ್ತ.

ಯಾವುದೋ ಮಗು, "ಮಿಸ್ ಅಪ್ಪಂಗೂ!" ಅಂದಿತು. ಇಡೀ ಶಾಲೆ ನಕ್ಕಿತು. ನಾನು ಕೆಳಗೆ ನೋಡಿಕೊಂಡೆ. ನನ್ನ ಅಂಗಿ ಒಣಗಿದ್ದು ಒಣಗಿದಂತೇ ಇತ್ತು.

"ಏನ್ರೀ ಇದು? ಗಂಟೆ ಯಾಕೆ ಹೊಡೆದ್ರಿ?" ಎಂದು ಹೆಡ್‌ಮಿಸ್ ಸಿಡುಕಿದರು.

"ನಂದು ಸೋರ್ತು. ಅಂದ್ಮೇಲೆ ಅವಳದೂ ಸೋರುತ್ತೆ ಅಂತ ಹೊಡೆದೆ. ಇವಳು ಒಂದೊಂದು ಸಲ ಅತ್ತಾಗಲೂ ಒಂದೊಂದು ಚಮಚ ಹಾಕ್ತಾ ಬಂದೆ."

ನನಗೆ ಕೇಳಿಸಿದ್ದು ಎರಡು ಅಳು. ಅವನ ಮಡಿಲಲ್ಲಿ ಅವಳು ಇಪ್ಪತ್ತು ಸಲವಾದರೂ ಅತ್ತಿರಬೇಕು.

"ಏನು ಸೋರೋದು?" ಎಂದರು ಇನ್ಸ್‌ಪೆಕ್ಟರು.

ಅಪ್ಪನ ಕಿವಿ, ಮುಖ, ಕತ್ತು ಎಲ್ಲ ಕೆಂಪಾಯಿತು. ಕೆಮ್ಮುತ್ತಾನೆ ಅಂದುಕೊಂಡೆ. ಕೆಮ್ಮಲಿಲ್ಲ. ನಗುತ್ತಿದ್ದ ಮಕ್ಕಳ ಕಡೆ ತಿರುಗಿ, ಜಗಲಿಯ ಆ ತುದಿಗೂ ಕೇಳುವಂತೆ ಹೇಳಿದ: "ಇದು ಬರೀ ನೀರು. ನನ್ನ ಮಗಳದು ಹಾಲು. ಮಗು ಅತ್ತರೆ ತಾಯಿಗೆ ಹಾಲು ಬರುತ್ತೆ. ನೀವೂ ಅದನ್ನ ಕುಡ್ದೇ ಇಷ್ಟುದ್ದ ಆಗಿರೋದು. ನಗೋದೇನಿದೆ ಅದ್ರಲ್ಲಿ?"

ಅಂಥ ಮಾತನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ನಾನು ಅತ್ತೆ, ಸಂತೋಷಕ್ಕೇ ಅತ್ತೆ. ಇನ್ಸ್‌ಪೆಕ್ಟರು ಸುತ್ತಿಗೆ ಇಸಿದುಕೊಂಡು, ಏಳು ನಿಮಿಷ ಕಾದು, ಸರಿಯಾದ ಹೊತ್ತಿಗೆ ತಾವೇ ಗಂಟೆ ಹೊಡೆದು ಹೋದರು. ತಿಂಗಳೊಳಗೆ ಕೆಲಸ ಕಾಯಂ ಆಯಿತು.

ಮಗಳಿಗೆ ಈಗ ಮೂರು ವರ್ಷ. ಅಪ್ಪ ಆ ಗುರುವಾರದ ತನ್ನ ಜೋಡಿಯಲ್ಲಿ ಒಂದಕ್ಕೆ ನನ್ನ ಹೆಸರು ಬರೆದು ಅಂಗಡಿಯ ತಂತಿಗೆ ಸಿಕ್ಕಿಸಿದ್ದ. ಹೋದ ವಾರ ಮಧ್ಯಾಹ್ನ ಅಂಗಡಿ ಮುಚ್ಚಿ ನಡೆದು ಬಂದು ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತ.

"ನಿಂದು ಸೋರ್ತಾ ಇದೆ ಕಣೆ. ಇವತ್ತು ನೋಡ್ದೆ."

"ಅಪ್ಪ, ಅವಳು ಹಾಲು ಬಿಟ್ಟು ವರ್ಷ ಆಯ್ತು."

"ಗೊತ್ತು," ಅಂದ ಅಪ್ಪ. "ಆದ್ರೂ ಹೇಳ್ಬೇಕಲ್ಲ."