ಮೈಸೂರಿಗೆ ಹೋದ ಗಂಜಿ

ಮೈಸೂರು ನೋಡಲು ಹೋದ ದಿನ ಅಜ್ಜನ ಗಂಜಿ ತಾನಾಗಿ ಚೆಲ್ಲಿದ್ದಲ್ಲ, ನಾನೇ ಚೆಲ್ಲಿದ್ದು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಕುಚ್ಚಲಕ್ಕಿ ಅನ್ನ ಬಸಿಯುವಾಗ ಆ ಪರಿಮಳಕ್ಕೆ ನೆನಪಾಯಿತು. ಹೋಟೆಲಿನ ಬಿಳಿ ಬೆಳ್ತಿಗೆ ಅನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವೆಂದು ಅಜ್ಜ ಸುಳ್ಯದಿಂದಲೇ ಡಬ್ಬಿಯಲ್ಲಿ ಗಂಜಿ ತಂದಿದ್ದರು. ಅರಮನೆಯ ಎದುರು ಅದನ್ನು ಬಿಚ್ಚಿ ಉಣ್ಣುತ್ತಾರಲ್ಲ ಎಂದು ನನಗೆ ನಾಚಿಕೆ. ನಾವು ಬಂದ ಜೀಪಿನ ಹಿಂದೆ ಸುರಿದುಬಿಟ್ಟು, ಚೆಲ್ಲಿತು ಎಂದೆ.

“ಚೆಲ್ಲಿತಾ? ಎಂತ ಮಾಡುದು ಮಾರಾಯ,” ಎಂದರು ಅಜ್ಜ. ನನಗೆ ಮಸಾಲೆ ದೋಸೆ ಕೊಡಿಸಿ ತಾವು ಬರೀ ಚಾ ಕುಡಿದರು.

“ಇಷ್ಟು ದೊಡ್ಡ ಮನೆ ಉಂಟು, ಒಂದು ಲೋಟ ಗಂಜಿ ಸಿಗುದಿಲ್ಲ,” ಎಂದು ಅರಮನೆ ನೋಡಿ ನಕ್ಕರು. ಮನೆ ಮುಟ್ಟುವವರೆಗೂ ಬೇರೇನೂ ತಿನ್ನಲಿಲ್ಲ.

ಮುಂದೆ, ಶಾಲೆ ಬಿಡುತ್ತೇನೆಂದು ಅಜ್ಜನ ಮುಖಕ್ಕೇ ಹೇಳಿದೆ. ಗಂಜಿ ಸುರಿದದ್ದನ್ನು ಮಾತ್ರ ಹೇಳಲಾಗಲಿಲ್ಲ. ಈಗ ಅವರಿಲ್ಲ.

ನಾಳೆ ಕೆಲಸಕ್ಕೆಂದು, ಗಂಜಿ ಸಿಗದ ಹುಬ್ಬಳ್ಳಿಗೆ ಹೊರಡುತ್ತೇನೆ.